ಕೂಸು ಹುಟ್ಟುವ ಮುನ್ನ ಕುಲಾವಿ



'ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ' ಎಂದು ಅವಸರದವರನ್ನು ಕಂಡು ಜನ ನಗುವುದುಂಟು. ಆ ನಗೆಯ ಹಿಂದೆ ಒಂದು ಅಂಜಿಕೆಯೂ ಅಡಗಿದೆ. ಹುಟ್ಟದ ಮಗುವಿಗೆ ಬಟ್ಟೆ ಹೊಂದಿಸಿದರೆ ಕೇಡಾದೀತೆಂದು ನಂಬಿ, ಹೆರಿಗೆ ನೋವು ಕಾಣಿಸಿಕೊಳ್ಳುವವರೆಗೆ ಏನನ್ನೂ ಸಿದ್ಧಪಡಿಸದ ಮನೆಗಳು ಇಂದಿಗೂ ಇವೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಅಂಜಿಕೆಗೆ ತೆರಬೇಕಾದ ಬೆಲೆ ದೊಡ್ಡದು. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಹನೂರಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಂದ ಬಸುರಿಯರನ್ನು ಡೋಲಿಯಲ್ಲಿ ಹೊತ್ತು ತಂದ ಪ್ರಸಂಗಗಳಿವೆ. ಆ ಊರುಗಳಿಗಾಗಿ 2022ರಲ್ಲಿ ಅರಣ್ಯ ಇಲಾಖೆ ಜೀಪುಗಳನ್ನು ಓಡಿಸಲು ಆರಂಭಿಸಿತು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯನ್ನು ಪೋಡುಗಳ ಸಮೀಪಕ್ಕೆ ತಂದಿತು. 2008ರಿಂದ 108ರ ಆಂಬುಲೆನ್ಸ್ ಸೇವೆಯೂ ಇದೆ. ಆದರೆ ವಾಹನವು ಬಾಗಿಲಿಗೆ ಬಂದು ನಿಂತಾಗ ಟ್ರಂಕು ಹುಡುಕುತ್ತ ಕೂರಲಾಗದು. ಆನೆ ಅಡ್ಡಾಡುವ ದಾರಿಯಲ್ಲಿ ಕಳೆದ ಪ್ರತಿ ಗಳಿಗೆಯೂ ತಾಯಿಯ ಉಸಿರಿನದು.

ಹನೂರಿನ ಕಡೆಯ ಒಂದು ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಎಂಟನೆಯ ತಿಂಗಳು. ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಡೆಯುವುದೂ ಈ ತಿಂಗಳಲ್ಲಿಯೇ. ಮಗುವಿನ ಆತ್ಮಕ್ಕೆ ಸಿದ್ಧತೆಯಾದ ಮೇಲೆ ದೇಹಕ್ಕೇಕೆ ಬೇಡ ಎಂದು ಅವ್ವ ಅಂದೇ ಚೀಲವನ್ನು ಬಿಚ್ಚಿದಳು. ಮೊದಲು ಒಳಸೇರಿದ್ದು ಕಾಗದಗಳು: ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕ. ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಯಿಂದ ಚಾಮರಾಜನಗರಕ್ಕೋ ಮೈಸೂರಿಗೋ ಕಳುಹಿಸುವ ಸಂದರ್ಭ ಬಂದರೆ ಆಕೆಯ ಪರವಾಗಿ ಮಾತನಾಡುವುವು ಅವೇ. ಅದೇ ಗುಂಪಿನ ರಕ್ತವುಳ್ಳ ಇಬ್ಬರು ನೆಂಟರ ಫೋನ್ ಸಂಖ್ಯೆಯೂ ಅವುಗಳ ಜೊತೆಗಿತ್ತು. ಬಳಿಕ ಮುಂದೆ ಗುಂಡಿಯಿರುವ ನೈಟಿಗಳು, ಪ್ಯಾಡುಗಳು, ಲೋಟ, ಫ್ಲಾಸ್ಕ್, ಟಾರ್ಚ್, ಚಾರ್ಜರ್, ಚಿಲ್ಲರೆ ಹಣ.

ಕೊಳ್ಳೇಗಾಲದ ರೇಷ್ಮೆ ಸೀರೆ ಟ್ರಂಕಿನಲ್ಲಿಯೇ ಉಳಿಯಿತು. ಹತ್ತಾರು ವರ್ಷ ಉಟ್ಟು ಮೆತ್ತಗಾದ ಅಜ್ಜಿಯ ನೂಲಿನ ಸೀರೆಯನ್ನು ಒಗೆದು, ಬಿಸಿಲಿಗೆ ಹಾಕಿ, ಕತ್ತರಿಸಿ ಮಗುವಿಗೆ ಹೊದಿಕೆ ಮಾಡಿದರು. ಕುಲಾವಿಯನ್ನೂ ಇಟ್ಟರು. ಹುಟ್ಟಿದ ಮಗುವಿನ ಮೈಶಾಖ ತಲೆಯಿಂದ ಬೇಗ ಇಳಿಯುವುದರಿಂದ ಕುಲಾವಿ ಅಲಂಕಾರವಲ್ಲ, ರಕ್ಷೆ.

ಆಗ ಮಗಳು ಕೊರಳಿನ ಕರಡಿಗೆಯನ್ನು ಹಿಡಿದು ಕೇಳಿದಳು: "ಆಪರೇಸನ್ ಆದ್ರೆ ಲಿಂಗ ತಗೀಬೇಕಂತಲ್ಲ ಅಜ್ಜಿ?"

ಇದು ಸಣ್ಣ ಪ್ರಶ್ನೆಯಲ್ಲ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದು ನಿಷ್ಠೆ. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣವನ್ನು ಬಳಸುವಾಗ ಮೈಮೇಲಿನ ಲೋಹದಿಂದ ಸುಟ್ಟಗಾಯವಾಗುವ ಸಂಭವವಿರುವುದರಿಂದ ಒಡವೆಗಳನ್ನು ತೆಗೆಸುವುದು ವೈದ್ಯರ ಕರ್ತವ್ಯ. ಅಜ್ಜಿ ಒಂದು ಬಿಳಿಯ ಅರಿವೆಯನ್ನು ಮಡಿಸಿ ಚೀಲದಲ್ಲಿಟ್ಟಳು. "ಬೆಳ್ಳಿ ಕರಡಿಗೆ ಮನೇಲಿರ್ಲಿ. ಅರಿವೇಲಿ ಸುತ್ತಿ ತೋಳಿಗೆ ಕಟ್ಬೌದಾ ಅಂತ ಡಾಕ್ಟ್ರನ್ನ ಮೊದ್ಲೇ ಕೇಳವ. ಬ್ಯಾಡ ಅಂದ್ರೆ ನಾ ಕೈಲಿ ಹಿಡ್ಕಂಡು ಬಾಗ್ಲಲ್ಲೇ ಕೂತಿರ್ತೀನಿ ಕನವ್ವ."

ಇಷ್ಟಲಿಂಗವನ್ನು ಕೈಯಲ್ಲಿ ಹಿಡಿಯಬಹುದು. ಪ್ರಾಣಲಿಂಗ, ಭಾವಲಿಂಗಗಳನ್ನು ಯಾವ ಕೊಠಡಿಯ ಬಾಗಿಲೂ ತಡೆಯಲಾರದು. ಷಟ್‌ಸ್ಥಲದ ಈ ತತ್ತ್ವವನ್ನು ಅಜ್ಜಿ ಓದಿ ಅರಿತವಳಲ್ಲ, ಬಾಳಿ ಅರಿತವಳು.

ಚೀಲದಿಂದ ಹೊರಗುಳಿದದ್ದೂ ಇದೆ. ಮಗುವಿಗೆ ನೆಕ್ಕಿಸಲೆಂದು ನೆರೆಯವರು ತಂದ ಜೇನಿನ ಸೀಸೆಯನ್ನು ಅವ್ವ ಹಿಂದಕ್ಕೆ ಕೊಟ್ಟಳು. ವರ್ಷ ತುಂಬುವವರೆಗೆ ಮಗುವಿಗೆ ಜೇನು ಸಲ್ಲದು. ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲಬಾರದು, ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು ಎಂದು ಆಶಾ ಕಾರ್ಯಕರ್ತೆ ಹೇಳಿದ್ದು ಆಕೆಗೆ ನೆನಪಿತ್ತು. ಬಾಣಂತಿಗೆ ನೀರು ಕೊಡದಿರುವ ಪದ್ಧತಿಯನ್ನೂ ಆ ಮನೆ ಕೈಬಿಟ್ಟಿತು.

ಎಲ್ಲಕ್ಕಿಂತ ಮುಖ್ಯವಾಗಿ ಹೊರಗುಳಿಯಬೇಕಾದುದು ಸೂತಕದ ಭಯ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು 12ನೆಯ ಶತಮಾನದ ಶರಣರು ನಿರಾಕರಿಸಿದರು. ಜನನವೇ ಮೈಲಿಗೆಯಲ್ಲವಾದ ಮೇಲೆ ಹೆತ್ತವಳು ಮೈಲಿಗೆಯಾಗುವುದೆಂತು? ಆಕೆಯನ್ನು ಗಾಳಿ ಬೆಳಕಿಲ್ಲದ ಮೂಲೆಯ ಕೋಣೆಗೆ ಸೇರಿಸುವವರು ಲಿಂಗವನ್ನು ಧರಿಸಿದ್ದರೂ ಆ ಮಾತನ್ನು ಧರಿಸಿದವರಲ್ಲ.

ಬರುವ ಜೀವವನ್ನು ಶುಚಿಯಾದ ಬಟ್ಟೆ, ಬೆಚ್ಚನೆಯ ಕುಲಾವಿ, ಅಂಜದ ಮನಸ್ಸುಗಳಿಂದ ಎದುರುಗೊಳ್ಳುವುದೂ ದಾಸೋಹವೇ. ಎಂಟು ತಿಂಗಳು ತುಂಬಿದ ಬಸುರಿಯಿರುವ ಪ್ರತಿ ಮನೆಯ ಬಾಗಿಲ ಬಳಿ ಇಂತಹದೊಂದು ಚೀಲವಿರಲಿ.