ಹುದ್ದೆಯಿಲ್ಲದವರ ಸಭೆ

ಸ್ಮರಣ ಸಂಚಿಕೆಗೆಂದು ನನ್ನನ್ನು ಮಾತಾಡಿಸಲು ಬಂದ ನಮ್ಮ ಕ್ರೈಸ್ತ ಸಭೆಯ ಹುಡುಗನೊಬ್ಬ, "ಅಂಕಲ್, ಸಭೆಯಲ್ಲಿ ನಿಮ್ಮ ಪೋಸ್ಟ್ ಯಾವುದಿತ್ತು?" ಎಂದು ಕೇಳಿದ. ಯಾವುದೂ ಇರಲಿಲ್ಲ ಎಂದೆ. ಹಾಗಾದರೆ ಏನೆಂದು ಬರೆಯಲಿ ಎಂದು ಗೊಂದಲಕ್ಕೆ ಬಿದ್ದ. ಅವನಿಗೆ ಆಗ ಹೇಳಲು ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯ ಹಳೆಯ ಬಾಸೆಲ್ ಮಿಶನ್ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳ ಕೆಲಸ ಕರಾವಳಿಯುದ್ದಕ್ಕೂ ಹಬ್ಬಿದಾಗ ಹುಟ್ಟಿದ್ದು. ಮುಂದೆ ದಕ್ಷಿಣ ಭಾರತ ಸಭೆಯೊಳಗೆ ಸೇರಿತು. ಜಾತಿ ಬಿಟ್ಟು ಬಂದವರಿಗೆ ಹೊಟ್ಟೆಪಾಡಿನ ದಾರಿ ಮುಚ್ಚಿದಾಗ ಮಿಶನ್ ಮೊದಲು ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಮಲ್ಪೆಗೂ ಕಾರ್ಖಾನೆ ಬಂತು. ನನ್ನ ಅಜ್ಜ ಅಲ್ಲಿ ಮಣ್ಣು ತುಳಿದವರು. ಹಾಗಾಗಿ ಮಳೆಗಾಲಕ್ಕೆ ಮುಂಚೆ ದೇವಾಲಯದ ಮಾಡು ಹತ್ತಿ ಒಡೆದ ಹಂಚು ಬದಲಿಸುವುದು ನಮ್ಮ ಮನೆಯ ಗಂಡುಮಕ್ಕಳ ಪಾಲಿಗೆ ಬಂದಿತ್ತು. ಯಾರೂ ನೇಮಿಸಿದ್ದಲ್ಲ. ಇನ್ನೊಂದು ಮನೆಯವರು ಗಂಟೆ ಬಾರಿಸುತ್ತಿದ್ದರು. ಮರದ ಕೆಲಸ ಬಲ್ಲವರು ರಾತ್ರಿ ಕೂತು ಶವಪೆಟ್ಟಿಗೆ ಮಾಡುತ್ತಿದ್ದರು, ಹುಡುಗರು ಗುಂಡಿ ತೋಡುತ್ತಿದ್ದೆವು. ಅಮ್ಮ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ಮನೆಯಲ್ಲಿ ಗಂಜಿ ನೀರಾಗಿದ್ದ ದಿನವೂ ಆ ಡಬ್ಬಕ್ಕೆ ಕೈ ಹಾಕಿದವರಲ್ಲ.

ಆದರೆ ಸೇವೆ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಆರ್ಗನ್ ಮಾಸ್ಟ್ರು. ಮಿಶನ್ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು, ಬಿಳಿ ಪಂಚೆ, ಮೊಣಕೈ ಹತ್ತಿರ ತೇಪೆ ಹಾಕಿದ ಕೋಟು. ಕಾಲಲ್ಲಿ ತುಳಿಯುವ ಆ ಹಳೆಯ ಆರ್ಗನ್ನಿನ ರೀಡುಗಳು ಆಟಿ ತಿಂಗಳ ತೇವಕ್ಕೆ ಅಂಟಿಕೊಂಡು ಸ್ವರ ನುಂಗಿಬಿಡುತ್ತಿದ್ದವು. ಮಾಸ್ಟ್ರು ಅದರ ಹೊಟ್ಟೆಯೊಳಗೆ ಬಲ್ಬೊಂದನ್ನು ಉರಿಸಿಟ್ಟು, ಇಲಿ ಬಾರದಂತೆ ನುಸಿಗುಳಿಗೆ ಚೆಲ್ಲುತ್ತಿದ್ದರು. ಬೆಚ್ಚಗಾದ ಮರ, ನುಸಿಗುಳಿಗೆ, ಒದ್ದೆಯಾದ ಸಂಗೀತ ಪುಸ್ತಕ, ಈ ಮೂರೂ ಬೆರೆತ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಗಂಟಲು ತಾನಾಗಿ ಟೆನರ್ ಸ್ವರಕ್ಕೆ ಸಿದ್ಧವಾಗುತ್ತದೆ.

ಶನಿವಾರ ಸಂಜೆ ಅಭ್ಯಾಸ. ಕರಿಹಲಗೆಯ ಮೇಲೆ ಸೊಲ್ಫಾ ಸ್ವರಲಿಪಿ ಬರೆದು, ಜರ್ಮನ್ ರಾಗದ ನಾಲ್ಕೂ ಧ್ವನಿಗಳನ್ನು ಮೊದಲು ಬೇರೆಬೇರೆಯಾಗಿ ಕಲಿಸುತ್ತಿದ್ದರು. ಬೀಡಿ ಕಟ್ಟುವ ಹೆಂಗಸರು ಆಲ್ಟೊ, ಕಾರ್ಖಾನೆಯ ಗಂಡಸರು ಬಾಸ್. ಹೆಸರು ಬರೆಯಲು ತಿಣುಕುತ್ತಿದ್ದವರೂ ಸೊಲ್ಫಾ ನೋಡಿ ಸರಾಗ ಹಾಡುತ್ತಿದ್ದರು. 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ್ದೂ ನಮ್ಮ ಮಂಗಳೂರಿನ ಮಿಶನ್ ಪ್ರೆಸ್ಸೇ ಎಂದು ಮಾಸ್ಟ್ರು ಹೆಮ್ಮೆಯಿಂದ ಹೇಳಿ, ಪುಸ್ತಕದ ಪುಟ ಮಡಚಿದವರನ್ನು ಗದರುತ್ತಿದ್ದರು.

ಬೆಳೆಹಬ್ಬದ ಏಲಂ ಕೂಗುವವರೂ ಅವರೇ. ಒಂದು ವರ್ಷ ಬಾಳೆಗೊನೆ, ಹುಂಜ, ಸುವರ್ಣಗೆಡ್ಡೆ ಎಲ್ಲ ಹೋದ ಮೇಲೆ ಒಂದು ಕಟ್ಟು ಬಸಳೆ ಉಳಿಯಿತು. ತಂದವಳು ಬೀಡಿ ಕಟ್ಟುವ ವಿಧವೆ. ಬಸಳೆ ಇಲ್ಲದ ಹಿತ್ತಿಲು ಯಾರದಿದೆ? ಯಾರೂ ಬಾಯಿ ಬಿಡಲಿಲ್ಲ. ಮಾಸ್ಟ್ರು ಕೋಟಿನ ಕಿಸೆ ತಡವಿ, "ನನ್ನದು ಒಂದು ರೂಪಾಯಿ" ಎಂದರು. ಟೈಲರು ನಾಲ್ಕಾಣೆ ಏರಿಸಿದ. ಮಾಸ್ಟ್ರು ಮತ್ತೆ ನಾಲ್ಕಾಣೆ. ಅಂಗಡಿಯವರು ಎರಡು ರೂಪಾಯಿ ಎಂದರು. ಮಕ್ಕಳು ಚಪ್ಪಾಳೆ ತಟ್ಟುತ್ತಾ ಎಣಿಸತೊಡಗಿದರು. ಕೊನೆಗೆ ಹನ್ನೊಂದು ರೂಪಾಯಿಗೆ ಅದು ಟೈಲರನ ಪಾಲಾಯಿತು. ಆ ದುಡ್ಡಿಗೆ ಆಗ ಒಂದು ಒಳ್ಳೆಯ ಕೋಳಿ ಬರುತ್ತಿತ್ತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಈಗ ಗೇಟಿನ ಬಳಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಕೂಡುವ ಹಣ ಹೆಚ್ಚಿದೆ, ಲೆಕ್ಕ ಚೊಕ್ಕವಾಗಿದೆ. ಬಸಳೆಯವಳು ಏನನ್ನು ತರಬೇಕು?

ಆ ಕಾಲ ಒಳ್ಳೆಯದೇ ಆಗಿತ್ತು ಎಂದರೆ ಸುಳ್ಳಾಗುತ್ತದೆ. ಕೂಲಿ, ಮನೆ, ಆತ್ಮ ಮೂರೂ ಒಂದೇ ಕೈಯಲ್ಲಿದ್ದ ಮಿಶನ್ ಕಾಲದ ಭಯ ನಮ್ಮ ಹಿರಿಯರ ಬೆನ್ನಿನಿಂದ ಇಳಿದಿರಲೇ ಇಲ್ಲ. ಮನೆಯವರ ಮಾತು ಮೀರಿ ಹೊರಗೆ ಮದುವೆಯಾದ ಹುಡುಗಿಯನ್ನು ಸಭಾಶಿಸ್ತಿನ ಹೆಸರಲ್ಲಿ ಕರ್ತನ ಭೋಜನದಿಂದ ದೂರವಿಟ್ಟದ್ದನ್ನು ನೋಡಿದ್ದೇನೆ. ಗುಡಿಸಿ, ಒರೆಸಿ, ಅಕ್ಕಿ ಕೂಡಿಸಿದ ಹೆಂಗಸರಿಗೆ ಹಿರಿಯರ ಸಭೆಯಲ್ಲಿ ಕುರ್ಚಿ ಇರಲಿಲ್ಲ. 1970ರ ದಶಕದಲ್ಲಿ ದಕ್ಷಿಣ ಭಾರತ ಸಭೆ ಹೆಂಗಸರಿಗೂ ಗುರುದೀಕ್ಷೆ ಕೊಡತೊಡಗಿತು. ಪೀಠದಲ್ಲಿ ನಿಂತು ಮಾತಾಡುವ ಹೆಣ್ಣನ್ನು ಮೊದಲು ನೋಡಿದಾಗ ನನಗೆ ನೆನಪಾದದ್ದು ಅಮ್ಮನ ಅಕ್ಕಿ ಡಬ್ಬ.

ಇಷ್ಟು ಒಪ್ಪಿಕೊಂಡೂ ಹೇಳುತ್ತೇನೆ: ಈಗ ನಡೆಯುತ್ತಿರುವುದು ಸೇವೆಯಲ್ಲ. ಹಂಚು ಇಳಿಸಿ ಕಾಂಕ್ರೀಟು ಹಾಕಿದೆವು, ಮಾಡು ಹತ್ತುವ ಕೆಲಸ ಮುಗಿಯಿತು. ಶವಪೆಟ್ಟಿಗೆ ಪೇಟೆಯಿಂದ ಬರುತ್ತದೆ, ಗುಂಡಿಗೆ ಕಂಟ್ರಾಕ್ಟು, ಊಟಕ್ಕೆ ಕೇಟರಿಂಗ್. ಮಕ್ಕಳು ಬೆಂಗಳೂರು, ದುಬೈ ಸೇರಿದ್ದಾರೆ, ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಇಲ್ಲೇ ಉಳಿದವರು ಕಮಿಟಿ ಚುನಾವಣೆ ಬಂದಾಗ ಪ್ಯಾನೆಲ್ ಕಟ್ಟಿಕೊಂಡು ಮನೆಮನೆ ಸುತ್ತುತ್ತಾರೆ. ಕಾಯಿಲೆ ಬಿದ್ದ ಮನೆಗೆ ಹೋಗಲು ಮಾತ್ರ ಅವರಿಗೆ ಪುರುಸೊತ್ತಿಲ್ಲ. ಸೋತವರು ಕೋರ್ಟಿಗೆ ಹೋಗುತ್ತಾರೆ, ಕಾಣಿಕೆಯ ದುಡ್ಡು ವಕೀಲರಿಗೆ ಹೋಗುತ್ತದೆ. ಯಾವ ಪಟ್ಟಿಯಲ್ಲೂ ಹೆಸರಿಲ್ಲದೆ ಕಸಬರಿಕೆ ಹಿಡಿಯುವವರು ಎರಡು ಮೂರು ಮುದುಕಿಯರು ಉಳಿದಿದ್ದಾರೆ. ಆರ್ಗನ್ನಿನ ಜಾಗಕ್ಕೆ ಬಂದ ಕೀಬೋರ್ಡ್ ಒಂದು ಗುಂಡಿ ಒತ್ತಿದರೆ ತಾನೇ ತಾಳ ಹಾಕುತ್ತದೆ. ಪರದೆಯ ಮೇಲೆ ಹಾಡಿನ ಸಾಲುಗಳು ಬರುತ್ತವೆ, ಸ್ವರಗಳು ಬರುವುದಿಲ್ಲ. ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡುತ್ತಾರೆ, ಹಲವರು ಬರೀ ನೋಡುತ್ತಾರೆ.

ಮಾಸ್ಟ್ರ ಸೊಲ್ಫಾ ಪುಸ್ತಕಗಳು ವೆಸ್ಟ್ರಿಯ ಕಪಾಟಿನಲ್ಲಿ ಗೆದ್ದಲು ಹತ್ತದೆ ಇವೆ. ಅವನ್ನು ಓದಬಲ್ಲವರು ನಾವು ಕೆಲವರು ಇನ್ನೂ ಬದುಕಿದ್ದೇವೆ. ಕಲಿಯುವ ಮನಸ್ಸಿರುವ ಹುಡುಗ ಹುಡುಗಿಯರು ಶನಿವಾರ ಸಂಜೆ ಐದಕ್ಕೆ ಬನ್ನಿ. ಬಾಸ್ ಹಾಡುವವರು ತುರ್ತಾಗಿ ಬೇಕಾಗಿದ್ದಾರೆ.