ಒಂದು ಕೈ ತನಗೆ, ಒಂದು ಕೈ ಹಡಗಿಗೆ

ಹಾಯಿಹಡಗು ಎಂದೊಡನೆ ಶಾಲೆಯ ಚರಿತ್ರೆ ಪುಸ್ತಕದ ವಾಸ್ಕೋ ಡ ಗಾಮನ ಚಿತ್ರ ಕಣ್ಮುಂದೆ ಬರುತ್ತದೆ, ಅಲ್ಲವೇ? ಆ ಕಾಲ ಎಂದೋ ಮುಗಿಯಿತು ಅಂದುಕೊಂಡಿರುತ್ತೇವೆ. ಆದರೆ 1524ರಲ್ಲಿ ಗಾಮ ಕಣ್ಮುಚ್ಚಿದ ಕೊಚ್ಚಿಯಲ್ಲೇ ಇಂದಿಗೂ ಒಂದು ದೊಡ್ಡ ಹಾಯಿಹಡಗಿನ ವಾಸ. ಹೆಸರು ‘ತರಂಗಿಣಿ’. ನಮ್ಮ ನೌಕಾಪಡೆಯ ಎಳೆಯರಿಗೆ ಅದೇ ಪಾಠಶಾಲೆ.

ಗೋವಾದಲ್ಲಿ ಕಟ್ಟಿದ ಈ ಹಡಗು ಪಡೆಗೆ ಸೇರಿದ್ದು 1997ರ ನವೆಂಬರಿನಲ್ಲಿ. ಉದ್ದ 54 ಮೀಟರ್. ಮೂರು ಕೂವೆಮರ, 20 ಹಾಯಿ. ಮುಂದಿನ ಎರಡು ಕಂಬಗಳಲ್ಲಿ ಅಡ್ಡಮರಕ್ಕೆ ಕಟ್ಟಿದ ಚೌಕದ ಹಾಯಿಗಳು. ಎಂಜಿನ್ನೂ ಇದೆ, ಗಾಳಿ ಬಿದ್ದುಹೋದಾಗ, ಬಂದರಿಗೆ ಬರುವಾಗ ಬೇಕಲ್ಲ!

ಉಪಗ್ರಹವೇ ದಾರಿ ತೋರಿಸುವ ಈ ಕಾಲದಲ್ಲಿ ಹಾಯಿಯ ಪಾಠ ಯಾಕಪ್ಪಾ ಎಂದು ಕೇಳಬಹುದು. ಎಂಜಿನ್ ಹಡಗು ಗಾಳಿಯನ್ನು ಲೆಕ್ಕಿಸದೆ ನುಗ್ಗುತ್ತದೆ. ಹಾಯಿಹಡಗು ಹಾಗಲ್ಲ. ಎದುರುಗಾಳಿಗೆ ನೇರ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ಗಾಳಿಯ ಮನಸ್ಸು ತಿಳಿಯದೆ ಒಂದು ಹೆಜ್ಜೆಯೂ ಇಲ್ಲ. ದೊಡ್ಡ ಹಾಯಿಯ ಹಗ್ಗ ಎಳೆಯುವುದೂ ಒಬ್ಬರ ಕೈಲಾಗುವ ಕೆಲಸವಲ್ಲ. ಹತ್ತು ಜನ ಒಂದೇ ಉಸಿರಿಗೆ ಎಳೆಯಬೇಕು.

ಇನ್ನು ಮೇಲೆ ಹತ್ತುವುದು! ಹಗ್ಗದ ಏಣಿಯಲ್ಲಿ ಏರಿ, ಅಡ್ಡಮರದ ಕೆಳಗಿನ ಹಗ್ಗದ ಮೇಲೆ ಕಾಲೂರಿ ನಿಂತು ಹಾಯಿ ಸುತ್ತಬೇಕು. ಸೊಂಟಕ್ಕೆ ಪಟ್ಟಿ ಬಿಗಿದಿರುತ್ತದೆ, ನಿಜ. ಆದರೂ ಕೆಳಗೆ ಕಡಲು ಹೊಯ್ದಾಡುತ್ತಿರುತ್ತದೆ. ಅಲ್ಲಿ ನಾವಿಕರ ಹಳೆಯ ಮಾತೊಂದಿದೆ: ಒಂದು ಕೈ ತನಗೆ, ಒಂದು ಕೈ ಹಡಗಿಗೆ. ಎರಡೂ ಕೈಯನ್ನು ಕೆಲಸಕ್ಕೇ ಕೊಟ್ಟರೆ ಬೀಳುತ್ತೀ. ಎರಡರಲ್ಲೂ ನಿನ್ನನ್ನೇ ಹಿಡಿದುಕೊಂಡರೆ ಕೆಲಸ ಆಗದು. ಸಂಸಾರ ತೂಗಿಸುವ ನಮಗೆ ಈ ಮಾತು ಬಿಡಿಸಿ ಹೇಳಬೇಕೇ?

ಹೆತ್ತವರ ಭಯ ಸುಳ್ಳಲ್ಲ. 1957ರಲ್ಲಿ ಜರ್ಮನಿಯ ‘ಪಾಮೀರ್’ ಎಂಬ ಹಾಯಿಹಡಗು ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲೂ ಕಲಿಯುವ ಹುಡುಗರೇ ಹೆಚ್ಚು. 86 ಮಂದಿಯಲ್ಲಿ ಉಳಿದವರು ಆರೇ ಜನ. ಕಡಲು ಯಾರ ಮಕ್ಕಳೆಂದೂ ಕೇಳುವುದಿಲ್ಲ. ಅದಕ್ಕೇ ಅದರ ಸ್ವಭಾವವನ್ನು ಎಳವೆಯಲ್ಲೇ, ಗುರುಗಳ ಕಣ್ಣೆದುರಿನಲ್ಲೇ ಕಲಿಸುವುದು.

ತರಂಗಿಣಿ 2003ರಲ್ಲಿ ಕೊಚ್ಚಿಯಿಂದ ಹೊರಟು, ಭೂಮಿಯನ್ನು ಸುತ್ತಿ 2004ರಲ್ಲಿ ಮರಳಿತು. ಹೀಗೆ ಲೋಕ ಸುತ್ತಿದ ನಮ್ಮ ನೌಕಾಪಡೆಯ ಮೊದಲ ಹಡಗು ಅದೇ. ಹಾಯಿಯ ವಿದ್ಯೆ ಗಂಡುಮಕ್ಕಳಿಗಷ್ಟೇ ಮೀಸಲೂ ಅಲ್ಲ. ಗೋವಾದಲ್ಲೇ ಕಟ್ಟಿದ ‘ತಾರಿಣಿ’ ಎಂಬ ಪುಟ್ಟ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಹೊರಟು, 2018ರ ಮೇ ತಿಂಗಳಲ್ಲಿ ಲೋಕ ಸುತ್ತಿ ಬಂದರು.

ನಾಳೆ ನಿಮ್ಮ ಮಗನೋ ಮಗಳೋ “ಅಮ್ಮಾ, ನಾನು ನೌಕಾಪಡೆ ಸೇರ್ತೀನಿ” ಅಂದರೆ, ಎದೆ ಧಸಕ್ಕೆನ್ನುವುದು ಸಹಜ. ಬೇಡ ಅನ್ನುವ ಮುಂಚೆ ಆ ನಾವಿಕರ ಮಾತನ್ನೊಮ್ಮೆ ನೆನೆಯಿರಿ.