ಗಡಿಗೆಯ ತಳದ ಮಜ್ಜಿಗೆ

ನಮ್ಮ ಅತ್ತೆಯವರದು ಬ್ಯಾಡಗಿ. ಕತ್ತಲೆಯಲ್ಲಿ ಚೀಲದೊಳಗೆ ಕೈಯಾಡಿಸಿ ಮೆಣಸಿನಕಾಯಿ ಡಬ್ಬಿಯೋ ಕಡ್ಡಿಯೋ ಎಂದು ಹೇಳುತ್ತಿದ್ದವರು. ಅಂಥವರು ಒಂದು ಮಧ್ಯಾಹ್ನ ಒಲೆಯ ಮೇಲೆ ಮೆಣಸಿನಕಾಯಿ ಹುರಿಯಲಿಟ್ಟು ಮರೆತೇಬಿಟ್ಟರು. ಮನೆಯೆಲ್ಲ ಘಾಟು. ನಾನು ಕೆಮ್ಮುತ್ತ ಓಡಿಬಂದರೆ, “ಯಾರವ್ವಾ ಇದನ್ನ ಇಟ್ಟವ್ರು?” ಎಂದು ನನ್ನನ್ನೇ ಕೇಳಿದರು.

ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಹಾಗೇ ಇರಬೇಕು ಎಂದು ನಾವು ನಕ್ಕು ಸುಮ್ಮನಾದೆವು. ಆದರೆ ಒಂದು ಮದುವೆಗೆಂದು ರಾಣೆಬೆನ್ನೂರಿಗೆ ಹೋದವರು, ಬಸ್‌ಸ್ಟ್ಯಾಂಡಿನಲ್ಲಿಳಿದು ಯಾರ ಮನೆಗೆ ಬಂದೆನೆಂಬುದನ್ನೇ ಮರೆತು ಕುಳಿತಿದ್ದರು. ಹಾವೇರಿಯಿಂದ ಹೋಗಿ ಕರೆತಂದಾಗ ನನಗೆ ನಗು ಬರಲಿಲ್ಲ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬಿ-12 ಜೀವಸತ್ವ ತೀರ ಕಡಿಮೆ. ಹೋಮೋಸಿಸ್ಟೀನ್ ಎಂಬುದು 15ರ ಒಳಗಿರಬೇಕಾದದ್ದು 32 ಇತ್ತು. ನಾವು ಉಂಡ ಅನ್ನ-ಬೇಳೆಯ ಸಸಾರಜನಕ ದೇಹದಲ್ಲಿ ಬಳಕೆಯಾಗುವಾಗ ಹುಟ್ಟುವ ವಸ್ತುವಂತೆ ಅದು. ಬಿ-12, ಸೊಪ್ಪಿನಲ್ಲಿರುವ ಫೋಲೇಟ್ ಮತ್ತು ಬಿ-6 ಇದ್ದರೆ ದೇಹ ಅದನ್ನು ಮತ್ತೆ ಉಪಯೋಗದ ವಸ್ತುವಾಗಿ ಮಾಡಿಕೊಳ್ಳುತ್ತದೆ. ಅವು ಇಲ್ಲದಿದ್ದರೆ ರಕ್ತದಲ್ಲೇ ಕೂಡಿಬೀಳುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1,092 ವೃದ್ಧರನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೋಮೋಸಿಸ್ಟೀನ್ 14ಕ್ಕಿಂತ ಹೆಚ್ಚಿದ್ದವರಿಗೆ ಆಲ್‌ಝೈಮರ್ ಬರುವ ಸಂಭವ ಸುಮಾರು ಇಮ್ಮಡಿಯಾಗಿತ್ತು. ಹಾಗಂತ ಅದೇ ಕಾರಣವೆಂದು ಹೇಳಿದಂತಾಗಲಿಲ್ಲ. ಕಾಯಿಲೆ ಆಗಲೇ ಬಂದವರಿಗೆ ಬಿ ಜೀವಸತ್ವ ಕೊಟ್ಟು ನೋಡಿದ 2008ರ ಪ್ರಯೋಗದಲ್ಲಿ ಮರೆವು ನಿಧಾನವಾಗಲಿಲ್ಲ. ಮರೆವು ಈಗಷ್ಟೇ ಶುರುವಾದವರಲ್ಲಿ ಆಕ್ಸ್‌ಫರ್ಡಿನವರು ನೋಡಿದಾಗ, 2010ರಲ್ಲಿ, ಮೆದುಳು ಸೊರಗುವ ವೇಗ ಕಡಿಮೆಯಾದದ್ದು ಕಂಡಿತು. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಿರಿಯರ ನೆನಪು, ರಕ್ತ ಎರಡನ್ನೂ ಪರೀಕ್ಷಿಸುತ್ತ ಬಂದಿದ್ದಾರೆ.

“ಇಂಜೆಕ್ಷನ್ನಿನಿಂದ ರಕ್ತ ಸರಿಹೋಗತೈತಿ. ನೆನಪಿನ ಮಾತು ನಾ ಕೊಡಲಾರೆ” ಎಂದರು ಡಾಕ್ಟರು. ಹಾಗೆಯೇ ಆಯಿತು. ಕೆಲವು ತಿಂಗಳಲ್ಲಿ ಅಂಗಾಲಿನ ಉರಿ ಹೋಯಿತು, ಕಾಲಿಗೆ ಬಲ ಬಂತು, 32 ಇಳಿದು 12 ಆಯಿತು. ಹೋದ ಹೆಸರುಗಳು ಮಾತ್ರ ತಿರುಗಿ ಬರಲಿಲ್ಲ.

ಬಿ-12 ಕಾಳು-ಕಡಿ, ಕಾಯಿಪಲ್ಲೆಯಲ್ಲಿ ಇಲ್ಲ. ನಮ್ಮಂಥ ಶಾಕಾಹಾರಿಗಳಿಗೆ ಹಾಲು, ಮೊಸರೇ ಗತಿ. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೂ ಕಡಿಮೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಟ್ಟಿ ಮೊಸರು ಗಂಡಸರಿಗೆ, ಹಾಲು ಮಕ್ಕಳಿಗೆ. ಎಲ್ಲರ ಊಟವಾದ ಮೇಲೆ ಗಡಿಗೆಯ ತಳ ತೊಳೆದ ನೀರುಮಜ್ಜಿಗೆ ಅತ್ತೆಗೆ. ಬಡಿಸಿದವಳು ನಾನೇ. ಅವರು ಬೇಡವೆಂದರು, ನಾನು ಹೌದೆಂದುಕೊಂಡೆ. ಇಪ್ಪತ್ತೆಂಟು ವರ್ಷ ಅವರ ತಾಟು ನೋಡಲಿಲ್ಲ. ನೋಡಿದ್ದರೆ ಮರೆವು ಬರುತ್ತಿರಲಿಲ್ಲ ಎಂದಲ್ಲ. ಉರಿಯುವ ಕಾಲಿನಲ್ಲಿ ಅಷ್ಟು ವರ್ಷ ನಡೆಯಬೇಕಾಗಿರಲಿಲ್ಲವೇನೋ.

ಆಮೇಲೆ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ನನ್ನಲ್ಲೂ ಬಿ-12 ಕಡಿಮೆಯೇ. ಮತ್ತೆ ನಾನೂ ಉಳಿದದ್ದನ್ನು ಉಂಡವಳೇ ಅಲ್ಲವೆ?

ಈಗ ಇಬ್ಬರೂ ಎಲ್ಲರ ಜೊತೆಗೇ ಊಟಕ್ಕೆ ಕೂಡುತ್ತೇವೆ. ನನ್ನ ಹೆಸರು ಅವರಿಗೆ ನೆನಪಿಲ್ಲ. ಆದರೂ ಮೊಸರಿನ ಬಟ್ಟಲು ಮುಂದಿಟ್ಟರೆ ಅದನ್ನು ನನ್ನ ಕಡೆಗೆ ಸರಿಸಿ, “ನೀ ಉಂಡೇನವ್ವಾ?” ಎನ್ನುತ್ತಾರೆ. ನಾನು ಅರ್ಧ ಹಾಕಿಕೊಂಡು, ಅರ್ಧ ಅವರಿಗೆ ಉಣ್ಣಿಸುತ್ತೇನೆ.